ಓವರ್‌ಕ್ಲಾಕ್ ಮಾಡಿದರೆ ವಾರಂಟಿ ಹೋಗುತ್ತದಾ? 4 ಲಕ್ಷದ ಪ್ರೊಸೆಸರ್ ಒಳಗಿನ ಒಂದು ಫ್ಯೂಸ್‌ನ ಕತೆ

2023ರ ನವೆಂಬರ್‌ನಲ್ಲಿ ಎಎಂಡಿ ಕಂಪೆನಿಯ ಥ್ರೆಡ್‌ರಿಪ್ಪರ್ 7000 ಸರಣಿಯ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದವು. ಅದರಲ್ಲಿ 7980ಎಕ್ಸ್ ಎಂಬ ಮಾಡೆಲ್‌ಗೆ 64 ಕೋರ್‌ಗಳು, 128 ಥ್ರೆಡ್‌ಗಳು. ಅಮೆರಿಕದಲ್ಲಿ ಬೆಲೆ 4,999 ಡಾಲರ್. ನಮ್ಮ ಲೆಕ್ಕದಲ್ಲಿ ತೆರಿಗೆ ಬಿಟ್ಟು 4 ಲಕ್ಷ ರೂಪಾಯಿಗಿಂತ ಮೇಲೆ. ಇದರ ಜೊತೆಗೇ ಇನ್ನೊಂದು ಸುದ್ದಿಯೂ ಹರಡಿತು. ಹೊಸ ಮದರ್‌ಬೋರ್ಡ್‌ನ ಬಯಾಸ್‌ನಲ್ಲಿ ಓವರ್‌ಕ್ಲಾಕಿಂಗ್ ಆನ್ ಮಾಡಲು ಹೋದರೆ ಒಂದು ಎಚ್ಚರಿಕೆ ಬರುತ್ತದೆ: ಮುಂದುವರಿದರೆ ಪ್ರೊಸೆಸರ್ ಒಳಗಿನ ಒಂದು ಫ್ಯೂಸ್ ಶಾಶ್ವತವಾಗಿ ಸುಟ್ಟುಹೋಗುತ್ತದೆ, ವಾರಂಟಿಗೂ ಕುತ್ತು ಬರುತ್ತದೆ.

ಸುದ್ದಿ ಹರಡಿದ ವೇಗ ನೋಡಬೇಕಿತ್ತು. ಒಂದು ಬಟನ್ ಒತ್ತಿದರೆ 4 ಲಕ್ಷದ ವಸ್ತುವಿನ ವಾರಂಟಿ ಹೋಯಿತು ಅಂತ ಎಲ್ಲರೂ ಬರೆದರು. ಎಎಂಡಿ ಆಗ ಸ್ಪಷ್ಟನೆ ಕೊಟ್ಟಿತು. ಫ್ಯೂಸ್ ಇರುವುದು ನಿಜ, ಓವರ್‌ಕ್ಲಾಕಿಂಗ್ ಆನ್ ಮಾಡಿದಾಗ ಅದು ಸುಡುವುದೂ ನಿಜ. ಆದರೆ ಅಷ್ಟಕ್ಕೇ ವಾರಂಟಿ ರದ್ದಾಗುವುದಿಲ್ಲ. ಓವರ್‌ಕ್ಲಾಕಿಂಗ್‌ನಿಂದಲೇ ಆದ ಹಾನಿ ಮಾತ್ರ ವಾರಂಟಿಯ ಹೊರಗೆ. ಅದಕ್ಕೆ ಸಂಬಂಧವಿಲ್ಲದ ಬೇರೆ ದೋಷ ಬಂದರೆ ರಿಪೇರಿಗೋ ಬದಲಿ ಪ್ರೊಸೆಸರ್‌ಗೋ ಅರ್ಹತೆ ಉಳಿದಿರಬಹುದು ಎಂಬುದು ಕಂಪೆನಿಯ ಮಾತಿನ ಸಾರ.

ಕೇಳಲು ಸಮಾಧಾನದ ಮಾತೇ. ಆದರೆ ಹಾನಿ ಯಾವುದರಿಂದ ಆಯಿತು ಎಂದು ತೀರ್ಮಾನಿಸುವವರು ಯಾರು? ವೀಡಿಯೊ ಎಡಿಟಿಂಗ್, ತ್ರೀಡಿ ಡಿಸೈನ್, ಆರ್ಕಿಟೆಕ್ಚರ್ ರೆಂಡರಿಂಗ್ ಅಂತ ಕೆಲಸ ಮಾಡುವ ಯುವಕರು ಸಾಲ ಮಾಡಿ ಇಂಥ ಮೆಷಿನ್ ಹಾಕಿಸಿಕೊಳ್ಳುವ ಕಾಲ ಇದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಓವರ್‌ಕ್ಲಾಕಿಂಗ್ ಅಂದರೆ ಏನು?

ಪ್ರೊಸೆಸರ್ ಕೆಲಸ ಮಾಡುವುದು ಒಂದು ತಾಳಕ್ಕೆ. ಆ ತಾಳದ ವೇಗವೇ ಗಿಗಾಹರ್ಟ್ಸ್. ಕಂಪೆನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು ಓವರ್‌ಕ್ಲಾಕಿಂಗ್. ವೇಗ ಹೆಚ್ಚಿಸಿದಾಗ ಸರ್ಕ್ಯೂಟ್ ತಪ್ಪು ಮಾಡದಂತೆ ವೋಲ್ಟೇಜ್ ಕೂಡ ಹೆಚ್ಚಿಸಬೇಕಾಗುತ್ತದೆ. ಎಲ್ಲಾ ತಾಪತ್ರಯ ಶುರುವಾಗುವುದು ಅಲ್ಲಿಂದ.

ಹಿಂದೆ ಇದರಲ್ಲಿ ನಿಜಕ್ಕೂ ಲಾಭ ಇತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಎಂಬ ಕಡಿಮೆ ಬೆಲೆಯ ಪ್ರೊಸೆಸರ್ 300 ಮೆಗಾಹರ್ಟ್ಸ್‌ನದ್ದು. ಮದರ್‌ಬೋರ್ಡ್‌ನ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಅದು 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅಂದರೆ ಶೇ. 50ರಷ್ಟು ವೇಗ ಪುಕ್ಕಟೆ. ಓವರ್‌ಕ್ಲಾಕಿಂಗ್‌ಗೆ ಇವತ್ತಿಗೂ ಇರುವ ಹೆಸರು ಅಂಥ ದಿನಗಳಲ್ಲಿ ಬಂದದ್ದು.

ಈಗ ಹಾಗಿಲ್ಲ. ಈಗಿನ ಪ್ರೊಸೆಸರ್‌ಗಳು ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತವೆ. 7980ಎಕ್ಸ್‌ನ ಮೂಲ ವೇಗ 3.2 ಗಿಗಾಹರ್ಟ್ಸ್, ಬೂಸ್ಟ್ ಆದಾಗ 5.1ರವರೆಗೆ ಹೋಗುತ್ತದೆ. ಬಿಸಿ ಎಷ್ಟಿದೆ, ಕರೆಂಟ್ ಎಷ್ಟು ಎಳೆಯುತ್ತಿದೆ, ಎಷ್ಟು ಕೋರ್‌ಗಳು ಕೆಲಸದಲ್ಲಿವೆ ಎಂದು ನೋಡಿಕೊಂಡು ಚಿಪ್ ಪ್ರತಿ ಕ್ಷಣ ಲೆಕ್ಕ ಹಾಕುತ್ತದೆ. ಮೊದಲು ನಾವು ಕೈಯಿಂದ ಕಸಿದುಕೊಳ್ಳುತ್ತಿದ್ದ ಹೆಚ್ಚುವರಿ ವೇಗದ ದೊಡ್ಡ ಪಾಲನ್ನು ಕಂಪೆನಿಯೇ ತೆಗೆದು ಕೊಟ್ಟುಬಿಟ್ಟಿದೆ. ಒಂದೆರಡು ಕೋರ್ ಬಳಸುವ ಗೇಮ್ ಆಡುವವರಿಗೆ ಓವರ್‌ಕ್ಲಾಕಿಂಗ್‌ನಿಂದ ಸಿಗುವುದು ಬಹಳ ಕಡಿಮೆ.

ಕೋರ್ ಹೆಚ್ಚಿರುವ ಪ್ರೊಸೆಸರ್‌ಗಳಲ್ಲಿ ಮಾತ್ರ ಸ್ವಲ್ಪ ಜಾಗ ಉಳಿದಿದೆ. ಕಾರಣ ಸರಳ. 64 ಕೋರ್‌ಗಳೂ ಒಟ್ಟಿಗೆ ದುಡಿಯಲು ಶುರು ಮಾಡಿದಾಗ 350 ವ್ಯಾಟ್ ಎಂಬ ಮಿತಿ ಅಡ್ಡ ಬರುತ್ತದೆ. ಆಗ ಯಾವ ಕೋರ್ ಕೂಡ 5.1ರ ಹತ್ತಿರ ಹೋಗುವುದಿಲ್ಲ, ಎಲ್ಲವೂ ಬಹಳ ಕೆಳಗೆ ಇಳಿಯುತ್ತವೆ. ಆ ವ್ಯಾಟ್ ಮಿತಿಯನ್ನು ತೆಗೆದರೆ ಎಲ್ಲಾ ಕೋರ್‌ಗಳೂ ಮೇಲೆ ಏರುತ್ತವೆ. ಎಎಂಡಿಯಲ್ಲಿ ಪಿಬಿಒ ಎಂದು ಕರೆಯುವ ಆಯ್ಕೆ ಮಾಡುವುದು ಮುಖ್ಯವಾಗಿ ಇದನ್ನೇ. 10 ಗಂಟೆಯ ರೆಂಡರಿಂಗ್ ಕೆಲಸ ಶೇ. 15ರಷ್ಟು ವೇಗವಾದರೆ ಸುಮಾರು 8 ಗಂಟೆ 42 ನಿಮಿಷದಲ್ಲಿ ಮುಗಿಯುತ್ತದೆ. ದಿನವೂ ಇದೇ ಕೆಲಸ ಮಾಡುವವನಿಗೆ ಅದು ಸಣ್ಣ ಉಳಿತಾಯವಲ್ಲ.

ಕರೆಂಟ್, ಬಿಸಿ ಮತ್ತು ವಯಸ್ಸು

ಇನ್ನು ಬೆಲೆಯ ಕಡೆ ನೋಡೋಣ. ಚಿಪ್ ಎಳೆಯುವ ವಿದ್ಯುತ್ ವೇಗಕ್ಕೆ ನೇರ ಪ್ರಮಾಣದಲ್ಲಿ ಏರುತ್ತದೆ, ವೋಲ್ಟೇಜ್‌ಗೆ ಮಾತ್ರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗವನ್ನು ಶೇ. 20, ವೋಲ್ಟೇಜನ್ನು ಶೇ. 10 ಹೆಚ್ಚಿಸಿದಿರಿ ಎಂದುಕೊಳ್ಳಿ. 1.2 ಗುಣಿಸು 1.1 ಗುಣಿಸು 1.1, ಒಟ್ಟು ಸುಮಾರು 1.45. ಅಂದರೆ 350 ವ್ಯಾಟ್ ಇದ್ದದ್ದು 500 ದಾಟುತ್ತದೆ. 20 ಪೈಸೆಯ ವೇಗಕ್ಕೆ 45 ಪೈಸೆಯ ಕರೆಂಟ್. ಬಿಸಿ ಏರಿದಾಗ ಸೋರಿಕೆ ಕರೆಂಟೂ ಏರುವುದರಿಂದ ನಿಜವಾದ ಲೆಕ್ಕ ಇದಕ್ಕಿಂತಲೂ ಕೆಟ್ಟದು.

8 ಕೋರ್‌ನ ಪ್ರೊಸೆಸರ್‌ನಲ್ಲಿ ಈ ಏರಿಕೆ 100ರಿಂದ 145 ವ್ಯಾಟ್‌ಗೆ ಹೋದರೆ ಒಂದು ಒಳ್ಳೆಯ ಕೂಲರ್ ಸಂಭಾಳಿಸುತ್ತದೆ. ಆದರೆ 96 ಕೋರ್‌ನ ಥ್ರೆಡ್‌ರಿಪ್ಪರ್ ಪ್ರೊ 7995ಡಬ್ಲ್ಯುಎಕ್ಸ್ ಅಥವಾ ಇಂಟೆಲ್‌ನ 56 ಕೋರ್‌ನ ಜಿಯಾನ್ ಡಬ್ಲ್ಯು9-3495ಎಕ್ಸ್ ಕತೆ ಬೇರೆ. ಇವುಗಳನ್ನು ಓವರ್‌ಕ್ಲಾಕ್ ಮಾಡಿ ಪೂರ್ತಿ ಲೋಡ್ ಹಾಕಿದಾಗ ಪ್ರೊಸೆಸರ್ ಒಂದೇ 1000 ವ್ಯಾಟ್ ದಾಟಿದ ಉದಾಹರಣೆಗಳಿವೆ. ಒಂದು ಇಸ್ತ್ರಿ ಪೆಟ್ಟಿಗೆಯಷ್ಟು ವಿದ್ಯುತ್, ಅಂಗೈಯಷ್ಟು ಜಾಗದಲ್ಲಿ. ಚಿಪ್ ಒಳಗಿನ ವೋಲ್ಟೇಜ್ 1.2 ಎಂದು ಹಿಡಿದರೆ 1000 ವ್ಯಾಟ್‌ಗೆ 800 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಬೇಕು. ಮದರ್‌ಬೋರ್ಡ್‌ನ ವಿಆರ್‌ಎಂ, ಸಾಕೆಟ್‌ನ ಪಿನ್‌ಗಳು, ಪವರ್ ಸಪ್ಲೈಯ ಕೇಬಲ್ ಎಲ್ಲವೂ ಈ ಭಾರ ಹೊರಬೇಕು. ಸುಟ್ಟರೆ ಸುಡುವುದು ಪ್ರೊಸೆಸರ್ ಮಾತ್ರ ಆಗಿರಬೇಕಿಲ್ಲ.

ಇದಕ್ಕೆ ಒಂದು ತಮಾಷೆಯ ಪ್ರಸಂಗವೂ ಇದೆ. 2018ರ ಜೂನ್‌ನಲ್ಲಿ ತೈವಾನ್‌ನ ಕಂಪ್ಯೂಟೆಕ್ಸ್ ಪ್ರದರ್ಶನದಲ್ಲಿ ಇಂಟೆಲ್ 28 ಕೋರ್‌ನ ಪ್ರೊಸೆಸರ್ ಒಂದನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ತೋರಿಸಿತು. ಸಭೆಯಲ್ಲಿ ಚಪ್ಪಾಳೆ. ಆಮೇಲೆ ಪತ್ರಕರ್ತರು ಮೇಜಿನ ಕೆಳಗೆ ಇಣುಕಿದರೆ ಅಲ್ಲಿ 1 ಅಶ್ವಶಕ್ತಿಯ ಚಿಲ್ಲರ್! ನೀರನ್ನು ತಣ್ಣಗೆ ಮಾಡಿ ಪಂಪ್ ಮಾಡುವ, ಹೆಚ್ಚುಕಡಿಮೆ ಫ್ರಿಜ್‌ನಂಥ ಯಂತ್ರ. ಇದು ಓವರ್‌ಕ್ಲಾಕ್ ಮಾಡಿದ್ದು ಎಂದು ವೇದಿಕೆಯಲ್ಲಿ ಹೇಳಲು ಮರೆತುಹೋಯಿತು ಅಂತ ಇಂಟೆಲ್ ನಂತರ ಹೇಳಿತು. ಮರುವರ್ಷ ಅದೇ ಪ್ರೊಸೆಸರ್ ಜಿಯಾನ್ ಡಬ್ಲ್ಯು-3175ಎಕ್ಸ್ ಹೆಸರಲ್ಲಿ ಬಂದಾಗ ಡಬ್ಬಿಯ ಮೇಲಿನ ಗರಿಷ್ಠ ಬೂಸ್ಟ್ 4.3 ಗಿಗಾಹರ್ಟ್ಸ್. ಯೂಟ್ಯೂಬ್‌ನಲ್ಲಿ ದೊಡ್ಡ ನಂಬರ್ ಕಂಡಾಗ ಮೇಜಿನ ಕೆಳಗೆ ಏನಿದೆ ಎಂದು ಕೇಳಬೇಕು.

ನಮ್ಮ ಕರಾವಳಿಯಲ್ಲಂತೂ ಇನ್ನೊಂದು ಲೆಕ್ಕ ಸೇರುತ್ತದೆ. ಯಾವ ಫ್ಯಾನೂ, ಯಾವ ಸಾಮಾನ್ಯ ವಾಟರ್ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಯುರೋಪಿನ ಯಾವುದೋ ಕೋಣೆಯಲ್ಲಿ 20 ಡಿಗ್ರಿಯಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶ ಏಪ್ರಿಲ್-ಮೇ ತಿಂಗಳ ಉಪ್ಪಳದಲ್ಲೋ ಮಂಗಳೂರಿನಲ್ಲೋ ಬರುವುದಿಲ್ಲ. ಕೋಣೆ 33-34 ಡಿಗ್ರಿ ಇದ್ದರೆ ಪ್ರೊಸೆಸರೂ ಅಷ್ಟೇ ಡಿಗ್ರಿ ಮೇಲೆ ನಿಲ್ಲುತ್ತದೆ. ಎಸಿ ಹಾಕಿದರೆ? 1 ಟನ್ ಎಸಿ ಹೊರಹಾಕಬಲ್ಲ ಬಿಸಿ ಸುಮಾರು 3500 ವ್ಯಾಟ್. ನಿಮ್ಮ ಪ್ರೊಸೆಸರ್ 700 ವ್ಯಾಟ್ ಕಾರಿದರೆ ಎಸಿಯ ಐದನೇ ಒಂದು ಭಾಗ ಅದಕ್ಕೇ ಹೋಯಿತು. ಹೆಚ್ಚುವರಿ 350 ವ್ಯಾಟ್ ದಿನಕ್ಕೆ 8 ಗಂಟೆ ಅಂದರೆ 2.8 ಯೂನಿಟ್. ತಿಂಗಳಿಗೆ 25 ದಿನ ಕೆಲಸ ಹಿಡಿದರೆ 70 ಯೂನಿಟ್, ಎಸಿಯದ್ದು ಬೇರೆ.

ಚಿಪ್‌ಗೂ ವಯಸ್ಸಾಗುತ್ತದೆ. ಹೆಚ್ಚು ಕರೆಂಟ್ ಹರಿದಾಗ ಒಳಗಿನ ಅತಿ ಸೂಕ್ಷ್ಮ ಲೋಹದ ತಂತಿಗಳಿಂದ ಪರಮಾಣುಗಳು ಸ್ವಲ್ಪ ಸ್ವಲ್ಪವೇ ಜರುಗುತ್ತವೆ, ಮಳೆಗಾಲದಲ್ಲಿ ಹೊಳೆ ದಡವನ್ನು ಕೊರೆದ ಹಾಗೆ. ಇದಕ್ಕೆ ಎಲೆಕ್ಟ್ರೊಮೈಗ್ರೇಶನ್ ಎಂದು ಹೆಸರು. ಕರೆಂಟ್ ಮತ್ತು ಬಿಸಿ ಹೆಚ್ಚಾದಂತೆ ತಂತಿಯ ಆಯುಸ್ಸು ಹೇಗೆ ಕುಗ್ಗುತ್ತದೆ ಎಂಬ ಸೂತ್ರವನ್ನು ಮೊಟೊರೋಲಾದಲ್ಲಿದ್ದ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲೇ ಕೊಟ್ಟಿದ್ದಾರೆ. ಅತಿ ವೋಲ್ಟೇಜ್ ಟ್ರಾನ್ಸಿಸ್ಟರ್‌ಗಳನ್ನೂ ಸವೆಸುತ್ತದೆ. ಮೊದಲು 1.20 ವೋಲ್ಟ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಕೋರ್‌ಗೆ ಆರು ತಿಂಗಳ ನಂತರ ಅದೇ ವೇಗಕ್ಕೆ 1.25 ಬೇಕಾಗುತ್ತದೆ. ಕೊಡದಿದ್ದರೆ ಕ್ರ್ಯಾಶ್, ಕೊಟ್ಟರೆ ಇನ್ನೂ ಬೇಗ ಸವೆತ.

ಕೋರ್ ಹೆಚ್ಚಿದ್ದಷ್ಟೂ ಇದು ಜಟಿಲ. 7980ಎಕ್ಸ್‌ನಲ್ಲಿ 8 ಕೋರ್‌ಗಳ 8 ತುಂಡುಗಳಿವೆ, 7995ಡಬ್ಲ್ಯುಎಕ್ಸ್‌ನಲ್ಲಿ 12. ಎಲ್ಲವೂ ಒಂದೇ ಗುಣಮಟ್ಟದ್ದಲ್ಲ. ಎಲ್ಲಾ ಕೋರ್‌ಗಳನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಎಲ್ಲಕ್ಕಿಂತ ದುರ್ಬಲ ಕೋರ್‌ಗೆ ಬೇಕಾದ ವೋಲ್ಟೇಜನ್ನೇ ಉಳಿದ 63ಕ್ಕೂ ಕೊಡಬೇಕಾಗುತ್ತದೆ. ಅದೂ ಅಲ್ಲದೆ ತಪ್ಪು ಯಾವಾಗಲೂ ನೀಲಿ ಪರದೆಯಾಗಿ ಕಾಣಿಸಿಕೊಳ್ಳುವುದಿಲ್ಲ. ರಾತ್ರಿಯಿಡೀ ರೆಂಡರ್ ಆದ ವೀಡಿಯೊದ ನಡುವೆ ಎಲ್ಲೋ ಒಂದು ಫ್ರೇಮ್ ಕೆಟ್ಟಿರುತ್ತದೆ, ಗ್ರಾಹಕರಿಗೆ ಕಳಿಸಿದ ಮೇಲೆ ಗೊತ್ತಾಗುತ್ತದೆ.

ಫ್ಯೂಸ್ ಯಾಕೆ?

ಹೆಸರು ಕೇಳಿ ಮನೆಯ ಮೀಟರ್ ಬೋರ್ಡಿನ ಫ್ಯೂಸ್ ಅಂದುಕೊಳ್ಳಬೇಡಿ. ಇದು ಇ-ಫ್ಯೂಸ್. ಚಿಪ್ ಒಳಗೇ ಇರುವ, ಒಮ್ಮೆ ಬರೆದರೆ ಅಳಿಸಲಾಗದ ಒಂದು ಗುರುತು. ಅದು ಸುಟ್ಟ ಮೇಲೂ ಪ್ರೊಸೆಸರ್ ಮೊದಲಿನಂತೆಯೇ ಓಡುತ್ತದೆ. ಸ್ಯಾಮ್‌ಸಂಗ್ ಫೋನ್ ರೂಟ್ ಮಾಡಿದವರಿಗೆ ಇದು ಹೊಸದಲ್ಲ. ನಾಕ್ಸ್ ಎಂಬ ಗುರುತು ಒಮ್ಮೆ 0ಯಿಂದ 1ಕ್ಕೆ ಹೋದರೆ ಮತ್ತೆ ಹಳೆಯ ಸಾಫ್ಟ್‌ವೇರ್ ಹಾಕಿದರೂ 1ರಲ್ಲೇ ಇರುತ್ತದೆ. ಅಲ್ಲಿಯೂ ಇರುವುದು ಇದೇ ತಂತ್ರ.

ಅಂದರೆ ಫ್ಯೂಸ್ ಒಂದು ಸಾಕ್ಷಿ. ಮೊದಲೆಲ್ಲ ಪ್ರೊಸೆಸರ್ ಸುಟ್ಟರೆ ಬಯಾಸ್ ರೀಸೆಟ್ ಮಾಡಿ, ನಾನೇನೂ ಮಾಡಿಲ್ಲ ಅಂತ ವಾಪಸ್ ಕಳಿಸುವವರಿದ್ದರು. ಈಗ ಚಿಪ್ಪೇ ಸತ್ಯ ಹೇಳುತ್ತದೆ. ಆದರೆ ಅದು ಹೇಳುವುದು ಅರ್ಧ ಸತ್ಯ ಮಾತ್ರ ಎಂಬುದನ್ನು ಗಮನಿಸಿ. ಓವರ್‌ಕ್ಲಾಕಿಂಗ್ ಯಾವತ್ತೋ ಒಮ್ಮೆ ಆನ್ ಆಗಿತ್ತು ಎಂಬುದಕ್ಕಷ್ಟೇ ಅದು ಸಾಕ್ಷಿ. ಎಷ್ಟು ವೋಲ್ಟೇಜ್ ಕೊಟ್ಟಿರಿ, ಹತ್ತು ನಿಮಿಷ ಓಡಿಸಿದಿರೋ ಎರಡು ವರ್ಷವೋ, ಕೆಟ್ಟದ್ದು ಅದರಿಂದಲೋ ತಯಾರಿಕೆಯ ದೋಷದಿಂದಲೋ ಎಂಬುದನ್ನು ಅದೊಂದೇ ಗುರುತು ಹೇಳಲಾರದು.

ಷರತ್ತಿನ ಭಾಷೆಯೂ ಗೊಂದಲದ್ದೇ. ಫ್ಯೂಸ್ ವಿವಾದದಲ್ಲಿ ಎಎಂಡಿ ಹೇಳಿದ್ದು ‘ವಾರಂಟಿ ರದ್ದಾಗುವುದಿಲ್ಲ, ಆ ಹಾನಿ ಮಾತ್ರ ಸೇರುವುದಿಲ್ಲ’ ಎಂದು. ಆದರೆ ಅದೇ ಕಂಪೆನಿ ತನ್ನ ಉತ್ಪನ್ನಗಳ ಅಡಿಟಿಪ್ಪಣಿಯಲ್ಲಿ ವರ್ಷಗಳಿಂದ ಮುದ್ರಿಸುತ್ತಾ ಬಂದಿರುವ ಮಾತು ಇದಕ್ಕಿಂತ ಕಠಿಣ. ಪ್ರಕಟಿತ ಮಿತಿಯ ಹೊರಗೆ ಪ್ರೊಸೆಸರ್ ಅಥವಾ ಮೆಮೊರಿಯನ್ನು ಓಡಿಸಿದರೆ, ಅದು ಎಎಂಡಿಯದ್ದೇ ಸಾಫ್ಟ್‌ವೇರ್ ಮೂಲಕ ಮಾಡಿದ್ದಾದರೂ, ವಾರಂಟಿ ರದ್ದಾಗುತ್ತದೆ ಎಂಬರ್ಥ ಅದಕ್ಕೆ. ವೋಲ್ಟೇಜ್ ಕಡಿಮೆ ಮಾಡುವ ಅಂಡರ್‌ವೋಲ್ಟಿಂಗ್ ಕೂಡ ಅದರಲ್ಲಿ ಸೇರಿದೆ. ಓವರ್‌ಕ್ಲಾಕಿಂಗ್‌ಗೆ ಅಂತಲೇ ಮಾಡಿದ ಪ್ರೊಸೆಸರ್ ಎಂದು ಜಾಹೀರಾತು ಕೊಡುವುದು, ಅದಕ್ಕೆ ತಾವೇ ಆಪ್ ಕೊಡುವುದು, ಕೆಳಗೆ ಸಣ್ಣ ಅಕ್ಷರದಲ್ಲಿ ಕೈತೊಳೆದುಕೊಳ್ಳುವುದು. ಇದು ನನಗಂತೂ ಸರಿ ಕಾಣುವುದಿಲ್ಲ.

ಇಂಟೆಲ್‌ನ ನಿಲುವೂ ಹತ್ತಿರ ಹತ್ತಿರ ಇದೇ. ನಿಗದಿತ ಮಿತಿಯ ಹೊರಗೆ ವೇಗವನ್ನೋ ವೋಲ್ಟೇಜನ್ನೋ ಬದಲಿಸಿದರೆ ವಾರಂಟಿ ಹೋಗಬಹುದು ಎಂದು ಅದೂ ಹೇಳುತ್ತದೆ. ಒಂದು ಕಾಲದಲ್ಲಿ ಇಂಟೆಲ್ ಇದಕ್ಕೊಂದು ಒಳ್ಳೆಯ ದಾರಿ ಇಟ್ಟಿತ್ತು. 2012ರಲ್ಲಿ ಶುರುವಾದ ಯೋಜನೆಯೊಂದರಲ್ಲಿ ಸುಮಾರು 20 ಡಾಲರ್‌ನಿಂದ ಮೇಲೆ, ಪ್ರೊಸೆಸರ್‌ಗೆ ತಕ್ಕಂತೆ, ಹೆಚ್ಚುವರಿ ಹಣ ಕಟ್ಟಿದರೆ ಓವರ್‌ಕ್ಲಾಕ್ ಮಾಡಿ ಸುಟ್ಟರೂ ಒಂದು ಸಲ ಹೊಸದು ಕೊಡುತ್ತಿದ್ದರು. 2021ರ ಮಾರ್ಚ್ 1ಕ್ಕೆ ಅದು ನಿಂತಿತು. 2025ರ ಏಪ್ರಿಲ್‌ನಲ್ಲಿ ‘200ಎಸ್ ಬೂಸ್ಟ್’ ಎಂಬ ಹೊಸ ಆಯ್ಕೆ ಬಂದಿದೆ. ಕೋರ್ ಅಲ್ಟ್ರಾ 200ಎಸ್ ಸರಣಿಯ ಓವರ್‌ಕ್ಲಾಕ್ ಮಾಡಬಹುದಾದ ಪ್ರೊಸೆಸರ್‌ಗಳಲ್ಲಿ ಮೆಮೊರಿ ಮತ್ತು ಒಳಸಂಪರ್ಕದ ವೇಗವನ್ನು ಇಂಟೆಲ್ ಹೇಳಿದ ಮಟ್ಟದವರೆಗೆ ಏರಿಸಿದರೆ ವಾರಂಟಿ ಉಳಿಯುತ್ತದೆ. ಕೋರ್‌ಗಳ ವೇಗಕ್ಕೆ ಈ ರಕ್ಷಣೆ ಇಲ್ಲ.

ಗೊತ್ತಿಲ್ಲದೆಯೇ ಓವರ್‌ಕ್ಲಾಕ್

ನಾನು ಓವರ್‌ಕ್ಲಾಕ್ ಮಾಡುವುದೇ ಇಲ್ಲ, ನನಗ್ಯಾಕೆ ಇದೆಲ್ಲ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲನೆಯದು ಮೆಮೊರಿ. 6000 ವೇಗದ ರ್‍ಯಾಮ್ ಅಂತ ಕೊಂಡರೆ ಅದು ಆ ವೇಗದಲ್ಲಿ ತಾನಾಗಿ ಓಡುವುದಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಬೇಕು. ಅಂಗಡಿಯವರು ಜೋಡಿಸುವಾಗಲೇ ಹೆಚ್ಚಾಗಿ ಆನ್ ಮಾಡಿ ಕೊಡುತ್ತಾರೆ. ಪ್ರೊಸೆಸರ್ ಕಂಪೆನಿಗಳ ಲೆಕ್ಕದಲ್ಲಿ ಅದೂ ಓವರ್‌ಕ್ಲಾಕಿಂಗೇ. 2023ರ ಏಪ್ರಿಲ್‌ನಲ್ಲಿ ಎಎಂಡಿಯ ರೈಜೆನ್ 7000 ಸರಣಿಯ, ಅದರಲ್ಲೂ ಎಕ್ಸ್3ಡಿ ಮಾಡೆಲ್‌ನ ಕೆಲವು ಪ್ರೊಸೆಸರ್‌ಗಳು ಸಾಕೆಟ್ ಸಮೇತ ಸುಟ್ಟಾಗ ಕಂಡುಬಂದದ್ದು ಇಂಥದ್ದೇ ಕಾರಣ. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಮದರ್‌ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನು ತಾವಾಗಿ ವಿಪರೀತ ಏರಿಸುತ್ತಿದ್ದವು. ಎಎಂಡಿ ಆಮೇಲೆ ಅದಕ್ಕೆ 1.3 ವೋಲ್ಟ್‌ನ ಮಿತಿ ಹಾಕಿತು. ಗ್ರಾಹಕರ ಗಲಾಟೆ ಜೋರಾದ ಮೇಲೆ ಮೇ ತಿಂಗಳಲ್ಲಿ ಆಸುಸ್ ಕಂಪೆನಿ, ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಬಳಸಿದರೂ, ಬೀಟಾ ಬಯಾಸ್ ಹಾಕಿದರೂ ತನ್ನ ಮದರ್‌ಬೋರ್ಡ್ ವಾರಂಟಿ ಇರುತ್ತದೆ ಎಂದು ಹೇಳಬೇಕಾಯಿತು. ಕೇಳಿದ್ದರಿಂದ ಸಿಕ್ಕಿದ್ದು ಅದು.

ಎರಡನೆಯದು ಮದರ್‌ಬೋರ್ಡ್‌ನ ಡೀಫಾಲ್ಟ್ ಸೆಟ್ಟಿಂಗ್. ಇಂಟೆಲ್‌ನ 24 ಕೋರ್‌ನ ಐ9-13900ಕೆ, 14900ಕೆ ಪ್ರೊಸೆಸರ್‌ಗಳ ಗರಿಷ್ಠ ಟರ್ಬೊ ಮಿತಿ 253 ವ್ಯಾಟ್. ಆದರೆ ಹಲವು ಬೋರ್ಡ್‌ಗಳು ಡಬ್ಬಿಯಿಂದ ತೆಗೆದಾಗಲೇ ಆ ಮಿತಿಯನ್ನು 4096 ವ್ಯಾಟ್ ಎಂದು ಇಟ್ಟುಕೊಂಡಿರುತ್ತಿದ್ದವು. ಅಂದರೆ ಮಿತಿಯೇ ಇಲ್ಲ ಅಂತ. ಯಾರೂ ಏನೂ ಮುಟ್ಟದೆಯೇ ಪ್ರೊಸೆಸರ್ ತನ್ನ ಲಕ್ಷ್ಮಣರೇಖೆ ದಾಟಿ ಓಡುತ್ತಿತ್ತು.

2024ರಲ್ಲಿ ಇದೇ ಪ್ರೊಸೆಸರ್‌ಗಳು ದೊಡ್ಡ ಸುದ್ದಿಯಾದವು. ಗೇಮ್ ಆಡುವಾಗ ಕ್ರ್ಯಾಶ್, ಫೈಲ್ ಬಿಡಿಸುವಾಗ ಎರರ್. ಮೊದಲು ಬೆರಳು ತೋರಿಸಿದ್ದು ಮದರ್‌ಬೋರ್ಡ್ ಸೆಟ್ಟಿಂಗ್‌ಗಳ ಕಡೆಗೆ. ಆದರೆ ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡದ್ದು ಬೇರೆ: ತನ್ನದೇ ಮೈಕ್ರೊಕೋಡ್ ಪ್ರೊಸೆಸರ್‌ಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆ ವೋಲ್ಟೇಜ್ ಮತ್ತು ಬಿಸಿಯಿಂದ ಚಿಪ್ ಒಳಗಿನ ಕ್ಲಾಕ್ ಸರ್ಕ್ಯೂಟ್ ಬೇಗ ಮುದಿಯಾಗುತ್ತಿತ್ತು. ಆಗಸ್ಟ್‌ನಲ್ಲಿ 0x129, ಸೆಪ್ಟೆಂಬರ್‌ನಲ್ಲಿ 0x12B ಎಂಬ ತಿದ್ದುಪಡಿಗಳು ಬಂದವು. ಈಗಾಗಲೇ ಹಾಳಾದ ಚಿಪ್ ಅದರಿಂದ ಸರಿಹೋಗುವುದಿಲ್ಲ. ಹಾಗಾಗಿ ಡಬ್ಬಿಯಲ್ಲಿ ಕೊಂಡ, ಈ ತೊಂದರೆಗೆ ಒಳಗಾಗಬಹುದಾದ ಪ್ರೊಸೆಸರ್‌ಗಳ ವಾರಂಟಿಯನ್ನು ಇಂಟೆಲ್ 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ನಿಮ್ಮ ಬಳಿ 13ನೇ ಅಥವಾ 14ನೇ ಪೀಳಿಗೆಯ ಐ7, ಐ9 ಇದ್ದು, ಕಾರಣವಿಲ್ಲದೆ ಕ್ರ್ಯಾಶ್ ಆಗುತ್ತಿದ್ದರೆ, ಬಿಲ್ ಹುಡುಕಿ ತೆಗೆಯಿರಿ. ಅವಧಿ ಇನ್ನೂ ಮುಗಿಯದೇ ಇರಬಹುದು.

ಈ ಪ್ರಕರಣವನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಎರಡು ವರ್ಷ ಸರಿಯಾಗಿದ್ದ ಪ್ರೊಸೆಸರ್ ಕೆಟ್ಟಾಗ ಅದಕ್ಕೆ ಬಳಕೆದಾರನೇ ಕಾರಣ ಎಂದು ಮೊದಲೇ ತೀರ್ಮಾನಿಸಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಕ್ಲೇಮ್ ತಿರಸ್ಕರಿಸಿದರೆ?

ಅಂಗಡಿಯವರೋ ಸರ್ವಿಸ್ ಸೆಂಟರ್‌ನವರೋ ‘ಓವರ್‌ಕ್ಲಾಕ್ ಆಗಿದೆ, ಆಗುವುದಿಲ್ಲ’ ಎಂದು ಬಾಯಿಮಾತಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ಯಾವ ಕಾರಣಕ್ಕೆ ತಿರಸ್ಕಾರ, ಯಾವ ಪರೀಕ್ಷೆ ಮಾಡಿದರು ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಎಷ್ಟೋ ಸಲ ಬರವಣಿಗೆಯಲ್ಲಿ ಕೇಳಿದ ಕೂಡಲೇ ಉತ್ತರ ಬದಲಾಗುತ್ತದೆ.

ಅದೂ ಆಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಂತರದ್ದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗಡಿನಾಡಿನವರಿಗೆ ಬಹಳ ಉಪಯೋಗದ ಒಂದು ಅಂಶ ಇದೆ. ಮಂಜೇಶ್ವರದವರು ಮಂಗಳೂರಿನ ಅಂಗಡಿಯಲ್ಲೋ, ಬೆಂಗಳೂರಿನ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲೋ ಕೊಂಡಿದ್ದರೂ, ತಾವು ವಾಸವಿರುವ ಕಾಸರಗೋಡು ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅಂಗಡಿ ಇರುವ ಊರಿಗೇ ಅಲೆಯಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೂ ಇಲ್ಲ. ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು, ಇದನ್ನು ಮರೆಯಬಾರದು.

ಪರೀಕ್ಷೆ ಮಾಡದೆ ದೋಷ ತಿಳಿಯುವಂತಿಲ್ಲ ಎಂದಾದರೆ ವಸ್ತುವನ್ನು ಲ್ಯಾಬ್‌ಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅದರ ಖರ್ಚನ್ನು ಮೊದಲು ದೂರುದಾರ ಕಟ್ಟಬೇಕಾಗುತ್ತದೆ. ಆದರೆ ಪ್ರೊಸೆಸರ್ ಚಿಪ್ ಒಳಗೆ ಇಣುಕಿ, ಇದು ವೋಲ್ಟೇಜ್ ಏಟು, ಇದು ತಯಾರಿಕೆಯ ದೋಷ ಎಂದು ಬೇರ್ಪಡಿಸಬಲ್ಲ ಸಲಕರಣೆ ಎಲ್ಲಾ ಲ್ಯಾಬ್‌ಗಳಲ್ಲಿ ಇರುವುದಿಲ್ಲ. ಫ್ಯೂಸ್ ಸುಟ್ಟಿದ್ದರೆ ಕಂಪೆನಿಯ ಕೈ ಮೇಲಾಗುವುದು ಇಲ್ಲಿಯೇ. ಕಾಗದದ ಮೇಲೆ ವಾರಂಟಿ ಉಳಿದಿದ್ದರೂ, ನಡೆಯುವ ಜಗಳದಲ್ಲಿ ನೀವು ಒಂದು ಹೆಜ್ಜೆ ಹಿಂದೆ ನಿಂತಿರುತ್ತೀರಿ.

ಇನ್ನೊಂದು ತೊಡಕು. ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಬಿಲ್ ಕಂಪೆನಿಯ ಹೆಸರಲ್ಲಿ, ಜಿಎಸ್‌ಟಿ ನಂಬರ್ ಹಾಕಿಸಿ ಇದ್ದರೆ ಎದುರು ಪಕ್ಷ ಇದನ್ನೇ ಎತ್ತಬಹುದು. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶ ಅಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಒಬ್ಬನೇ ಕೂತು ಮದುವೆ ವೀಡಿಯೊ ಎಡಿಟ್ ಮಾಡುವ ಹುಡುಗ ಈ ವಿನಾಯಿತಿಯನ್ನು ಹಿಡಿದು ವಾದಿಸಬಹುದು. ಹತ್ತು ಜನರನ್ನು ಇಟ್ಟುಕೊಂಡ ಸ್ಟುಡಿಯೊಗೆ ಅದು ಕಷ್ಟ.

ಕೊಳ್ಳುವಾಗಲೇ ನೋಡಬೇಕಾದ್ದು

ಡಬ್ಬಿ ಇಲ್ಲದೆ, ಸ್ವಲ್ಪ ಕಡಿಮೆ ಬೆಲೆಗೆ ಸಿಗುವ ‘ಟ್ರೇ’ ಪ್ರೊಸೆಸರ್ ಬಗ್ಗೆ ಹುಷಾರು. ಅದು ನಕಲಿ ಅಲ್ಲ, ಆದರೆ ಕಂಪ್ಯೂಟರ್ ತಯಾರಕರಿಗೆಂದು ಸಗಟಾಗಿ ಕೊಡುವ ಮಾಲು. ಅದರ ವಾರಂಟಿಗೆ ಇಂಟೆಲ್ ನಿಮ್ಮನ್ನು ಮಾರಿದವರ ಹತ್ತಿರವೇ ಕಳಿಸುತ್ತದೆ. ಅಂಗಡಿ ಮುಚ್ಚಿದರೆ ವಾರಂಟಿಯೂ ಮುಚ್ಚಿತು.

ದುಬೈಯಿಂದ ಊರಿಗೆ ಬರುವವರ ಬ್ಯಾಗಿನಲ್ಲಿ ಪ್ರೊಸೆಸರ್ ತರಿಸುವುದು ನಮ್ಮಲ್ಲಿ ಮಾಮೂಲು. ತರಿಸುವ ಮೊದಲು ಎರಡು ಮಾತು ಕೇಳಿ: ಡಬ್ಬಿಯದ್ದೋ ಟ್ರೇಯೋ, ಮತ್ತು ಕ್ಲೇಮ್ ಇಂಡಿಯಾದಲ್ಲಿ ಆಗುತ್ತದೋ ಅಲ್ಲಿನ ಅಂಗಡಿಗೇ ವಾಪಸ್ ಹೋಗಬೇಕೋ. ಬಿಲ್ ಯಾರ ಹೆಸರಲ್ಲಿದೆ ಎಂಬುದೂ ಮುಖ್ಯ. ಅಲ್ಲಿನ ಅಂಗಡಿಯ ವಿರುದ್ಧ ಇಲ್ಲಿನ ಗ್ರಾಹಕ ಆಯೋಗದಲ್ಲಿ ಹೋರಾಡುವುದು ಹೇಳಿದಷ್ಟು ಸುಲಭವಲ್ಲ.

ಪ್ರೊಸೆಸರ್ ಮೇಲಿನ ಲೋಹದ ಮುಚ್ಚಳದಲ್ಲಿ ಸೀರಿಯಲ್ ಅಥವಾ ಬ್ಯಾಚ್ ನಂಬರ್ ಕೆತ್ತಿರುತ್ತಾರೆ. ಥರ್ಮಲ್ ಪೇಸ್ಟ್ ಹಚ್ಚುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಡಬ್ಬಿಯ ಮೇಲಿನ ಸ್ಟಿಕ್ಕರಿನದ್ದೂ. ಆಮೇಲೆ ಕೂಲರ್ ಬಿಚ್ಚಿ ಒರೆಸಿ ಓದುವ ಕಷ್ಟ ತಪ್ಪುತ್ತದೆ. ಬಿಸಿ ಕಡಿಮೆಯಾಗಲಿ ಎಂದು ಆ ಮುಚ್ಚಳವನ್ನೇ ಕಿತ್ತು ತೆಗೆಯುವ ‘ಡಿಲಿಡ್ಡಿಂಗ್’ ಮಾಡಿದರೆ ವಾರಂಟಿಯ ಮಾತೇ ಇಲ್ಲ, ಅದಕ್ಕೆ ಫ್ಯೂಸ್‌ನ ಸಾಕ್ಷಿಯೂ ಬೇಕಾಗಿಲ್ಲ.

ಮೆಷಿನ್ ಜೋಡಿಸಿದ ಮೊದಲ ಎರಡು ಮೂರು ವಾರ ಯಾವ ಸೆಟ್ಟಿಂಗನ್ನೂ ಮುಟ್ಟದೆ, ಮೆಮೊರಿಯನ್ನೂ ಸಾಮಾನ್ಯ ವೇಗದಲ್ಲೇ ಇಟ್ಟು, ಪೂರ್ತಿ ಲೋಡ್ ಹಾಕಿ ಓಡಿಸಿ. ತಯಾರಿಕೆಯ ದೋಷ ಇದ್ದರೆ ಹೆಚ್ಚಿನ ಸಲ ಆಗಲೇ ಹೊರಬರುತ್ತದೆ. ಫ್ಯೂಸ್ ಹಾಗೇ ಇರುವಾಗ ಬದಲಿ ಕೇಳುವುದಕ್ಕೂ ಸುಟ್ಟ ಮೇಲೆ ಕೇಳುವುದಕ್ಕೂ ವ್ಯತ್ಯಾಸ ಇದೆ. ಬಯಾಸ್ ಅಪ್‌ಡೇಟ್ ಮಾಡಿ, ಇಂಟೆಲ್ ಬೋರ್ಡ್ ಆದರೆ ‘ಇಂಟೆಲ್ ಡೀಫಾಲ್ಟ್ ಸೆಟ್ಟಿಂಗ್ಸ್’ ಎಂಬ ಆಯ್ಕೆ ಆರಿಸಿ, ವ್ಯಾಟ್ ಮಿತಿ ಎಷ್ಟಿದೆ ಎಂದು ಕಣ್ಣಾರೆ ನೋಡಿ. ಜೋಡಿಸಿ ಕೊಟ್ಟ ಅಂಗಡಿಯವರು ಏನೇನು ಆನ್ ಮಾಡಿದ್ದಾರೆ ಎಂದು ಕೇಳಿ, ಬಿಲ್ಲಿನ ಹಿಂದೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಕ್ಲೇಮ್ ಫಾರ್ಮ್‌ನಲ್ಲಿ ಓವರ್‌ಕ್ಲಾಕ್ ಮಾಡಿದ್ದೀರಾ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ‘ಇಲ್ಲ’ ಎಂದು ಬರೆದು ಫ್ಯೂಸ್ ಬೇರೆ ಹೇಳಿದರೆ ನಿಮ್ಮ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ. ‘ಪಿಬಿಒ ಒಂದು ವಾರ ಆನ್ ಇತ್ತು, ಆಫ್ ಮಾಡಿ ಎಂಟು ತಿಂಗಳಾಯಿತು, ಈಗ ಒಂದು ಮೆಮೊರಿ ಚಾನೆಲ್ ಕಾಣಿಸುತ್ತಿಲ್ಲ’ ಎಂದು ಬರೆದರೆ, ಎಎಂಡಿಯ 2023ರ ಮಾತಿನ ಪ್ರಕಾರವೇ ಅದನ್ನು ಪರಿಶೀಲಿಸದೆ ತಳ್ಳಿಹಾಕುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಥ್ರೆಡ್‌ರಿಪ್ಪರ್ ಕೊಳ್ಳುವವರಿಗೆ ಒಂದು ಮಾತು. ಹೊರಗಿನಿಂದ ನೋಡಿದರೆ ಫ್ಯೂಸ್ ಸುಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಮೂಲ ಬಿಲ್ ಕೇಳಿ, ಓವರ್‌ಕ್ಲಾಕ್ ಮಾಡಿದ್ದೀರಾ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ ಉತ್ತರ ಉಳಿಸಿಕೊಳ್ಳಿ. ಬಿಲ್ ಇಲ್ಲ ಎಂದರೆ ವಾರಂಟಿ ಇಲ್ಲ ಎಂದೇ ಲೆಕ್ಕ ಹಾಕಿ, ಅದಕ್ಕೆ ತಕ್ಕ ಬೆಲೆ ಹೇಳಿ.